‘ಆಂಡ್’ ಅಂದರೆ ಮುಗಿಯಿತು

ಆ ಶುಕ್ರವಾರ ಮಸ್ಕತ್ತಿನ ರೂವಿಯ ಹೋಟೆಲೊಂದರ ಮಹಡಿಯಲ್ಲಿ ಆದದ್ದನ್ನು ಈವರೆಗೆ ಮೂರು ಮಂದಿಗೆ ಹೇಳಿದ್ದೇನೆ. ಮೂರು ಸಲವೂ ನನ್ನ ಕಡೆಗೆ ಸ್ವಲ್ಪ ವಾಲಿಸಿಯೇ ಹೇಳಿದ್ದೇನೆ. ಒಬ್ಬರಿಗೆ ಯಂತ್ರ ಕೈಕೊಟ್ಟಿತು ಎಂದೆ. ಇನ್ನೊಬ್ಬರಿಗೆ ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದೆ. ಯಂತ್ರ ಸರಿಯಾಗಿತ್ತು. ಗದ್ದಲವೂ ಇರಲಿಲ್ಲ. ಆ ಹೊತ್ತಿನಲ್ಲಿ ಆ ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಏರ್ ಕಂಡೀಷನರಿನ ನೀರು ಕೆಳಗಿಟ್ಟ ಬಕೆಟ್ಟಿಗೆ ತೊಟ್ಟಿಕ್ಕುವುದು ಕೇಳುತ್ತಿತ್ತು.

ಕುವೈತ್ ಯುದ್ಧ ಮುಗಿದ ಮೇಲಿನ ಚಳಿಗಾಲ. ನಾನು ರುಸೈಲಿನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ವಾಸ ರೂವಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಒಂದು ಕೋಣೆಯಲ್ಲಿ. ಜೊತೆಗೆ ನನಗಿಂತ ಎರಡು ವರ್ಷ ದೊಡ್ಡವನಾದ ಒಬ್ಬ ಗೆಳೆಯ. ಅವನು ಪಡುಬಿದ್ರಿ ಕಡೆಯವನು. ಕಟ್ಟಡ ಕಟ್ಟುವ ಕಂಪೆನಿಯಲ್ಲಿ ನಕ್ಷೆ ಬರೆಯುವ ಕೆಲಸ. ನಮ್ಮಿಬ್ಬರ ಮನೆಮಾತೂ ತುಳು. ಕೋಣೆಯೊಳಗೆ ಬಂದು ಚಪ್ಪಲಿ ಬಿಟ್ಟಮೇಲೆ ನಾವು ಬೇರೆ ಭಾಷೆ ಆಡುತ್ತಿರಲಿಲ್ಲ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವ ನಮ್ಮ ಮಾತುಗಳೆಲ್ಲ ತುಳುವಿನಲ್ಲಿ ಆದವು. ಒಂದು ಶಬ್ದವನ್ನು ಮಾತ್ರ ಹಾಗೆಯೇ ಇಡಬೇಕಾಗುತ್ತದೆ.

ಅವನು ಗಿಟಾರ್ ಬಾರಿಸುತ್ತಿದ್ದ. ಹಾಡುಗಳನ್ನಲ್ಲ. ತಂತಿಗಳ ನಡುವೆ ಬಾಚಣಿಗೆ ಸಿಕ್ಕಿಸುತ್ತಿದ್ದ, ಪ್ಲಂಬರ್‌ಗಳಿಂದ ಕೇಳಿ ತಂದ ತಾಮ್ರದ ಪೈಪಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಿದ್ದ. ಒಂದೇ ಸ್ವರವನ್ನು ಐದು ನಿಮಿಷ ಹಿಡಿದು, ಅದರ ಬಣ್ಣ ಬದಲಾಗುವುದನ್ನು ಕಾಯುತ್ತಿದ್ದ. ಮೊದಮೊದಲು ನನಗೆ ಅದು ಬೇರಿಂಗ್ ಹೋದ ಮೋಟಾರಿನ ಸದ್ದಿನಂತೆ ಕೇಳುತ್ತಿತ್ತು. ಹಾಗೆಂದು ಹೇಳಿಯೂ ಇದ್ದೆ. ಅವನಿಗೆ ಬೇಸರವಾಗಲಿಲ್ಲ. “ಯಾವ ಮೋಟಾರು? ಎಷ್ಟು ಎಚ್‌ಪಿ?” ಎಂದು ಕೇಳಿದ. ಮುಂದಿನ ವಾರ ನನ್ನ ಜೊತೆ ಕಾರ್ಖಾನೆಯ ಗೇಟಿನವರೆಗೆ ಬಂದು ಹೊರಗೆ ನಿಂತು ಕೇಳಿಕೊಂಡು ಹೋದ.

ಅವನ ಜೊತೆ ಇನ್ನಿಬ್ಬರಿದ್ದರು. ಡ್ರಮ್ ಬಾರಿಸುವವರು ಮಂಗಳೂರಿನ ಕ್ರೈಸ್ತರು, ಒಂದು ಆಫೀಸಿನಲ್ಲಿ ಸ್ಟೋರ್ ಕೀಪರ್. ಊರಿನ ರೂಢಿಯಂತೆ ನಾವು ಅವರನ್ನು ಪೊರ್ಬು ಎಂದೇ ಕರೆಯುತ್ತಿದ್ದೆವು. ಬೇಸ್ ಗಿಟಾರಿನವರು ಉಳ್ಳಾಲ ಕಡೆಯ ಬ್ಯಾರಿ. ರೂವಿಯಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ಮಾರುವ ಅಂಗಡಿ. ಎಲ್ಲರಿಗೂ ಅವರು ಕಾಕ. ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ, ಶುಕ್ರವಾರ ಬೆಳಿಗ್ಗೆ ಅಭ್ಯಾಸ. ನಾನು ಒಂದು ಅಭ್ಯಾಸಕ್ಕೂ ಹೋದವನಲ್ಲ. ವಾರದ ರಜೆಯ ದಿನವೇ ಯಂತ್ರಗಳನ್ನು ನಿಲ್ಲಿಸಿ ಬಿಚ್ಚುವುದಾದ್ದರಿಂದ ಎಲೆಕ್ಟ್ರಿಷಿಯನ್ನರಿಗೆ ಶುಕ್ರವಾರ ಬೆಳಿಗ್ಗೆ ಡ್ಯೂಟಿ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆದರೆ ಒಂದೇ ಒಂದು ಸಲ ಹೋಗಿದ್ದರೂ ಮುಂದಿನದು ಆಗುತ್ತಿರಲಿಲ್ಲ.

ಹಾಡುವವರು ಯಾಕಿಲ್ಲ ಎಂದು ಒಮ್ಮೆ ಕಾಕನನ್ನು ಕೇಳಿದ್ದೆ.

“ಯಾವ ಭಾಷೆಯಲ್ಲಿ ಹಾಡುವುದು ಹೇಳು? ಇವನು ತುಳು, ಪೊರ್ಬು ಕೊಂಕಣಿ, ನಾನು ಬ್ಯಾರಿ. ಹಾಡು ಶುರುವಾಗುವ ಮೊದಲೇ ಜಗಳ ಶುರುವಾಗ್ತದೆ,” ಎಂದರು.

“ಕಾಕ ಹಾಡಿದರೆ ಜಗಳ ಇಲ್ಲ,” ಎಂದರು ಪೊರ್ಬು. “ಜನವೇ ಇರುವುದಿಲ್ಲ.”

ಡಿಸೆಂಬರಿನ ಕೊನೆಯಲ್ಲಿ ಒಂದು ಸಂಜೆ ಗೆಳೆಯ ಅನ್ನ ಕಲಸುತ್ತಿದ್ದವನು ನಿಲ್ಲಿಸಿ, ಎಡಗೈಯನ್ನು ನನ್ನ ಮುಂದೆ ಹಿಡಿದ. ಉಂಗುರದ ಬೆರಳು ಮತ್ತು ಕಿರುಬೆರಳು ಒಳಗೆ ಮಡಚಿಕೊಂಡಿದ್ದವು. “ಬಿಡಿಸಲಿಕ್ಕೆ ಆಗುವುದಿಲ್ಲ,” ಎಂದ. ಸ್ವಲ್ಪ ಹೊತ್ತಿನ ಮೇಲೆ ಅವು ತಾವಾಗಿಯೇ ಬಿಟ್ಟವು. ಅಕ್ಟೋಬರಿನಿಂದ ಹೀಗೆ ಆಗುತ್ತಿತ್ತಂತೆ. ಡಾಕ್ಟರು ನರದ ತೊಂದರೆ ಎಂದಿದ್ದರು. ಇದು ಒಳ್ಳೆಯದಾಗುವ ಜಾತಿಯದ್ದಲ್ಲ, ಕೈಯಲ್ಲೇ ನಿಲ್ಲುವುದೂ ಅನುಮಾನ, ಊರಿಗೆ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದಿದ್ದರು. ಇನ್ನಿಬ್ಬರಿಗೆ ಅವನು ಹೇಳಿರಲಿಲ್ಲ. ಹೆಂಡತಿಗೂ ಬರೆದಿರಲಿಲ್ಲ.

“ಜನವರಿಯಲ್ಲಿ ಹೋಟೆಲಿನ ಮಹಡಿಯಲ್ಲಿ ನಮ್ಮ ಪ್ರೋಗ್ರಾಂ ಉಂಟಲ್ಲ,” ಎಂದ. “ಅದೊಂದು ಟೇಪ್ ಆಗಬೇಕು. ನಾವು ಬಾರಿಸುವ ಆ ಇಪ್ಪತ್ತು ನಿಮಿಷ. ಆಮೇಲೆ ಕೈ ಏನಾದರೂ ಮಾಡಿಕೊಳ್ಳಲಿ.”

ಟೇಪ್ ಮಾಡುವ ಕೆಲಸ ನನಗೆ ಬಂತು. ಮಿಕ್ಸರ್ ಮುಂದೆ ಕೂರುವುದೂ ನಾನೇ. ಕಾಕನ ಅಂಗಡಿಯ ಸಾಮಾನನ್ನು ಜೋಡಿಸಿ, ವಯರಿಂಗ್ ಮಾಡಿ, ಮೂರು ವಾರ ಸಂಜೆ ಹೊತ್ತು ಕಲಿತೆ.

ಆ ಇಪ್ಪತ್ತು ನಿಮಿಷವನ್ನು ಅವನು ಟ್ರೇಸಿಂಗ್ ಪೇಪರಿನ ಮೇಲೆ ಬರೆದಿದ್ದ. ಸ್ವರಲಿಪಿ ಅವನಿಗೆ ಬರುತ್ತಿರಲಿಲ್ಲ. ಬೆಟ್ಟದ ಏರುತಗ್ಗು ತೋರಿಸುವ ನಕ್ಷೆಯಂತೆ ಕಪ್ಪು ಶಾಯಿಯ ಗೆರೆಗಳು. ಮೂವರಿಗೂ ಒಂದೊಂದು ಬಗೆಯ ಗೆರೆ. ಹಾಳೆಯ ಸುಮಾರು ನಡುವಿನಲ್ಲಿ ಮೂರೂ ಗೆರೆಗಳು ನಿಂತು, ಎರಡು ಬೆರಳಗಲ ಖಾಲಿ. ಖಾಲಿ ಜಾಗದ ಕೊನೆಯಲ್ಲಿ ಸಣ್ಣಗೆ ಮೂರು, ನಾಲ್ಕು ಎಂಬ ಅಂಕೆಗಳು, ಪಕ್ಕದಲ್ಲಿ ಕಂಪೆನಿಗಳ ಬೋರ್ಡಿನ ಮೇಲೆ ಇಬ್ಬರು ಪಾಲುದಾರರ ಹೆಸರಿನ ನಡುವೆ ಇರುತ್ತದಲ್ಲ, ಆ ಸುತ್ತಿಕೊಂಡ ಚಿಹ್ನೆ. ಆ ಹಾಳೆ ಎರಡು ತಿಂಗಳು ನಮ್ಮ ಕೋಣೆಯ ಗೋಡೆಯ ಮೇಲಿತ್ತು. ದಿನಾ ಬೆಳಿಗ್ಗೆ ಅದರ ಎದುರಿಗೆ ಕುಳಿತು ಚಾ ಕುಡಿದಿದ್ದೇನೆ. ಆ ಚಿಹ್ನೆಯನ್ನು ಒಂದು ದಿನವೂ ಬಾಯಿಬಿಟ್ಟು ಓದಲಿಲ್ಲ.

ಪ್ರೋಗ್ರಾಮಿನ ಹಿಂದಿನ ಸಂಜೆ ಒಂದು ಒಪ್ಪಂದ ಮಾಡಿಕೊಂಡೆವು. ಬಾರಿಸುವಾಗ ಕೈ ನಿಂತರೆ ಅವನು ನನಗೆ ಸೂಚನೆ ಕೊಡಬೇಕು. ನಾನು ಕೂಡಲೇ ಸೌಂಡ್ ಇಳಿಸಿ ಟೇಪನ್ನೂ ನಿಲ್ಲಿಸಬೇಕು. “ನನ್ನ ಕೈ ಸೋತದ್ದು ಟೇಪಿನಲ್ಲಿ ಬೇಡ,” ಎಂದ. ಕೈಯೆತ್ತಿ ತೋರಿಸುವ ಹಾಗಿಲ್ಲ; ಬಾರಿಸುವಾಗ ಅವನು ತಲೆ ತಗ್ಗಿಸಿ ನನಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಆದರೆ ಡ್ರಮ್ಮಿನ ಮೇಲೆ ತೂಗುಹಾಕುವ ಮೈಕ್ ಅವನ ತಲೆಯ ಹತ್ತಿರವೇ ಇರುತ್ತದೆ. ಮೆಲ್ಲಗೆ ಒಂದು ಮಾತು ಹೇಳಿದರೂ ನನ್ನ ಹೆಡ್‌ಫೋನಿಗೆ ಬೀಳುತ್ತದೆ.

“ಖಲಾಸ್ ಅಂತ ಹೇಳು,” ಎಂದೆ.

“ಬೇಡ ಮಾರಾಯ. ಕೆಳಗೆ ಹೋಟೆಲಿನವರು ಪ್ಲೇಟ್ ಎತ್ತುವಾಗೆಲ್ಲ ಖಲಾಸ್ ಖಲಾಸ್ ಅಂತ ಬೊಬ್ಬೆ ಹಾಕ್ತಾರೆ. ನೀನು ಅದನ್ನು ಕೇಳಿ ಬಂದ್ ಮಾಡಿಬಿಟ್ಟರೆ?”

ಇಬ್ಬರೂ ನಕ್ಕೆವು. ಆಮೇಲೆ ಅವನೇ ಹೇಳಿದ: “ಆಂಡ್ ಅಂತ ಹೇಳ್ತೇನೆ. ಅದು ಬೇರೆ ಯಾರ ಬಾಯಲ್ಲೂ ಬರುವುದಿಲ್ಲ.”

ತುಳುವಿನಲ್ಲಿ ಆಂಡ್ ಎಂದರೆ ಆಯಿತು, ಮುಗಿಯಿತು. ಊಟ ಆಂಡ್, ಕೆಲಸ ಆಂಡ್. ದಿನಕ್ಕೆ ನೂರು ಸಲ ಹೇಳುವ ಶಬ್ದ. ನಾನು ಸರಿ ಎಂದೆ. ಅದನ್ನು ಒಮ್ಮೆ ಹೇಳಿಸಿ, ಗಿಟಾರ್ ಹಿಡಿದು ನಿಂತು, ಪರೀಕ್ಷೆಯನ್ನೂ ಮಾಡಿದೆವು. ಅಷ್ಟು ಜಾಗ್ರತೆ ವಹಿಸಿದ್ದೆವು.

ಹೋಟೆಲಿನ ಮೇಲಿನ ಹಾಲ್ ಹುಟ್ಟುಹಬ್ಬ, ನಿಶ್ಚಿತಾರ್ಥಗಳಿಗೆ ಕೊಡುವಂಥದ್ದು. ಹಿಂದಿನ ದಿನದ ಬಣ್ಣದ ಕಾಗದದ ತೋರಣ ಒಂದು ಮೂಲೆಯಲ್ಲಿ ಹಾಗೆಯೇ ಜೋತಾಡುತ್ತಿತ್ತು. ಅರುವತ್ತು ಕುರ್ಚಿ, ಹೆಚ್ಚುಕಡಿಮೆ ಅಷ್ಟೇ ಜನ. ಮಾಲೀಕರದು ಒಂದೇ ಷರತ್ತು: ನಾಲ್ಕಕ್ಕೆ ಶುರುಮಾಡಿ, ಸೂರ್ಯ ಮುಳುಗುವಾಗಿನ ಮಗ್ರಿಬ್ ಬಾಂಗಿನ ಮೊದಲು ಮುಗಿಸಬೇಕು. ನಾನು ಡ್ಯೂಟಿ ಬದಲಾಯಿಸಿಕೊಂಡು ಬೆಳಿಗ್ಗೆಯೇ ಬಂದು ವಯರ್ ಎಳೆದಿದ್ದೆ.

ಮೊದಲು ಮೂವರು ಫಿಲಿಪಿನೊಗಳು. ವಾರವಿಡೀ ದೊಡ್ಡ ಹೋಟೆಲೊಂದರಲ್ಲಿ ಪ್ರೇಮಗೀತೆ ನುಡಿಸುವವರು; ಆ ದಿನ ಅರ್ಧ ಗಂಟೆ ಒಂದೂ ಮಾತಿಲ್ಲದೆ, ಸ್ಕ್ರೂಡ್ರೈವರಿನಿಂದ ತಂತಿ ಉಜ್ಜುತ್ತ, ತಮ್ಮ ವಾರದ ಕೆಲಸದ ಮೇಲೆ ಸೇಡು ತೀರಿಸಿಕೊಳ್ಳುವವರ ಹಾಗೆ ಬಾರಿಸಿದರು. ಆಮೇಲೆ ಇಬ್ಬರು ಸಿಂಹಳೀಯರು. ಒಬ್ಬನದು ಕೀಬೋರ್ಡ್, ಇನ್ನೊಬ್ಬನ ವಾದ್ಯ ಒಂದು ರೇಡಿಯೊ. ಎರಡು ಸ್ಟೇಷನ್ನುಗಳ ನಡುವಿನ ಗೊರಗೊರ ಶಬ್ದವನ್ನು ಅವನು ಮುಳ್ಳು ತಿರುಗಿಸಿ ತಿರುಗಿಸಿ ಏರಿಳಿಸುತ್ತಿದ್ದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಕಾಕ ನನ್ನ ಕಡೆ ತಿರುಗಿ, “ಇದೇ ಸೆಟ್ಟನ್ನು ನಾನು ಮಾರಿದ್ದು. ಸ್ಟೇಷನ್ ಹಿಡಿಯುವುದಿಲ್ಲ ಅಂತ ಒಂದು ದಿನ ಕಂಪ್ಲೇಂಟ್ ತಂದಿದ್ದ,” ಎಂದು ಪಿಸುಗುಟ್ಟಿದರು.

ನಮ್ಮವರು ಕೊನೆಯವರು. ಗೋಡೆಯ ಗಡಿಯಾರದಲ್ಲಿ ಐದೂ ಕಾಲು. ಹೊಸ ಕ್ಯಾಸೆಟ್ಟು ಹಾಕಿ, ರೆಕಾರ್ಡ್ ಮತ್ತು ಪ್ಲೇ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದೆ. ಕೆಂಪು ದೀಪ ಹತ್ತಿತು.

ಆ ಮೊದಲ ಭಾಗದ ಬಗ್ಗೆ ಹೇಳಲು ನನಗೆ ಸಂಗೀತದ ಮಾತು ಗೊತ್ತಿಲ್ಲ. ಬೇಸ್‌ನ ಒಂದೇ ಸ್ವರ ಕುರ್ಚಿಯ ಕಾಲುಗಳಿಂದ ಮೇಲೆ ಬರುತ್ತಿತ್ತು. ಅದರ ಮೇಲೆ ಗಿಟಾರ್ ಬಹಳ ನಿಧಾನವಾಗಿ ಏರಿತು. ಕೋಣೆಯಲ್ಲಿ ಎಷ್ಟೋ ಸಲ ತುಂಡುತುಂಡಾಗಿ ಕೇಳಿದ್ದೆ. ಇದೇನು ಎಂದು ಆವರೆಗೆ ತಿಳಿದಿರಲಿಲ್ಲ. ನನ್ನ ಕಣ್ಣು ಅವನ ಎಡಗೈ ಮೇಲೆಯೇ ಇರಬೇಕೆಂದುಕೊಂಡಿದ್ದೆ, ಆದರೆ ಬೆನ್ನು ಮರೆಯಾಗಿತ್ತು. ಮೊಣಕೈ ಮಾತ್ರ ಕಾಣುತ್ತಿತ್ತು. ಒಂಬತ್ತನೆಯ ನಿಮಿಷದ ಹೊತ್ತಿಗೆ ಒಂದು ಸ್ವರವನ್ನು ಹಿಡಿದು ನಿಂತ. ಪೊರ್ಬುವಿನ ಕೋಲು ನಿಂತಿತು. ಕಾಕನ ಬೆರಳು ನಿಂತಿತು. ಸ್ವರ ಸಣ್ಣದಾಗುತ್ತ ಹೋಗಿ ಹೋಗಿ ಇಲ್ಲವಾಯಿತು. ಬಕೆಟ್ಟಿಗೆ ನೀರು ಬೀಳುವುದು ಕೇಳಿದ್ದು ಆಗ. ಅವನ ಎಡಗೈ ಗಿಟಾರಿನಿಂದ ಕೆಳಗಿಳಿದು ತೊಡೆಯ ಪಕ್ಕ ಅಲ್ಲಾಡಿತು. ಬೆರಳು ಕೊಡವುವ ಹಾಗೆ. ನಾನು ಎಡಗೈಯನ್ನು ಸ್ಟಾಪ್ ಗುಂಡಿಯ ಮೇಲಿಟ್ಟೆ.

ಹೆಡ್‌ಫೋನಿನಲ್ಲಿ ಅವನ ಉಸಿರು ಕೇಳಿತು. ಆಮೇಲೆ, ಬಹಳ ಮೆಲ್ಲಗೆ, “ಆಂಡ್.”

ಬಲಗೈಯಿಂದ ವಾಲ್ಯೂಮನ್ನು ಪೂರ್ತಿ ಇಳಿಸಿದೆ. ಎಡಗೈಯಿಂದ ಟೇಪಿನ ಸ್ಟಾಪ್ ಒತ್ತಿದೆ. ಎರಡೂ ಒಂದೇ ಕ್ಷಣದಲ್ಲಿ, ಕಲಿತ ಹಾಗೆಯೇ, ತಪ್ಪಿಲ್ಲದೆ.

ಪೊರ್ಬುವಿನ ಎರಡೂ ಕೋಲುಗಳು ಡ್ರಮ್ಮಿನ ಮೇಲೆ ಬಿದ್ದವು. ಮೈಕಿಲ್ಲದ ಡ್ರಮ್ಮಿನ ಸಪ್ಪೆ ಸದ್ದು ಹಾಲಿನಲ್ಲಿ ಒಂಟಿಯಾಗಿ ಕೇಳಿತು. ಕಾಕನ ಬೆರಳುಗಳು ಓಡುತ್ತಿದ್ದವು, ಸದ್ದಿಲ್ಲ. ಗೆಳೆಯ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಈ ಕಡೆ ತಿರುಗಿದ. ಅವನ ಎಡಗೈ ಗಿಟಾರಿನ ಕತ್ತಿನ ಮೇಲಿತ್ತು. ಐದೂ ಬೆರಳು ಬಿಡಿಸಿಕೊಂಡು, ಎಲ್ಲಿರಬೇಕೋ ಅಲ್ಲಿ.

ತಾಳಕ್ಕೆ ಮತ್ತೆ ಕೂಡಿಕೊಳ್ಳುವ ಮೊದಲು ವಾದ್ಯದವರು ಇಂಗ್ಲಿಷಿನಲ್ಲಿ ಎಣಿಸುತ್ತಾರೆ: ತ್ರೀ, ಫೋರ್, ಆಂಡ್. ಮೂರು, ನಾಲ್ಕನ್ನು ಅವನು ಮನಸ್ಸಿನಲ್ಲೇ ಎಣಿಸಿ, ಕೊನೆಯದನ್ನು ಮಾತ್ರ ಇನ್ನಿಬ್ಬರಿಗಾಗಿ ಬಾಯಿಬಿಟ್ಟು ಹೇಳಿದ್ದ. ಎರಡು ತಿಂಗಳ ಅಭ್ಯಾಸದಲ್ಲಿ ಪ್ರತಿ ಸಲ ಹಾಗೆಯೇ ಹೇಳಿದ್ದ. ಕನ್ನಡ ಶಾಲೆಯಲ್ಲಿ ಓದಿ ಕಲಿತ ಇಂಗ್ಲಿಷ್ ಅವನದು, ನನ್ನದು. ನಮ್ಮ ಬಾಯಲ್ಲಿ ಎರಡೂ ಒಂದೇ ಶಬ್ದ. ಕೋಣೆಯಲ್ಲಿ ಕುಳಿತು ಮಾತಾಡುವಾಗ ಅವನು ತುಳುವಿನವನಾಗಿದ್ದ. ಎಣಿಸುವಾಗ ಅವನಿಗೆ ಅದು ಮಾತೇ ಆಗಿರಲಿಲ್ಲ, ಕೈಕಾಲಿನ ಹಾಗೆ ತಾನಾಗಿಯೇ ಅಲ್ಲಾಡುವ ಒಂದು ಸಂಗತಿ. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಇಷ್ಟನ್ನೆಲ್ಲ ನಾನು ಆ ಕ್ಷಣದಲ್ಲಿ ಯೋಚಿಸಲಿಲ್ಲ. ತಪ್ಪಾಯಿತು ಎಂಬುದೊಂದೇ ತಿಳಿದದ್ದು. ವಾಲ್ಯೂಮ್ ಏರಿಸಿದೆ. ನಾಲ್ಕು, ಐದು ಸೆಕೆಂಡು ಕಳೆದಿರಬಹುದು. ಅವರು ನಿಲ್ಲಿಸಿರಲಿಲ್ಲ, ಸಂಗೀತ ಒಮ್ಮೆಲೇ ಹಾಲಿನೊಳಗೆ ನುಗ್ಗಿತು. ಟೇಪಿನ ಗುಂಡಿ ಒತ್ತಿದೆ. ಪ್ಲೇ ಒತ್ತಿದೆ. ಅದೊಂದನ್ನೇ. ಸುರುಳಿಗಳು ತಿರುಗುವುದನ್ನು ನೋಡಿ ಸಮಾಧಾನವಾಯಿತು. ಕೆಂಪು ದೀಪದ ಕಡೆ ನೋಡಲಿಲ್ಲ.

ಹನ್ನೊಂದು ನಿಮಿಷ ಖಾಲಿ ಟೇಪು ತಿರುಗಿತು. ಆ ಹನ್ನೊಂದು ನಿಮಿಷ ಅವನು ಹಾಗೆ ಬಾರಿಸಿದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕೈ ಒಮ್ಮೆಯೂ ನಿಲ್ಲಲಿಲ್ಲ. ರುಸೈಲಿನ ಗೇಟಿನ ಹೊರಗೆ ನಿಂತು ಕೇಳಿಕೊಂಡು ಹೋದ ಆ ಮೋಟಾರು ಕೂಡ ಅದರೊಳಗಿತ್ತು. ಆದರೆ ಬೇರಿಂಗ್ ಹೋದದ್ದಲ್ಲ. ಯಾರೋ ಎದ್ದು ನಿಂತರು. ಮುಗಿಯುವಾಗ ಗಡಿಯಾರದಲ್ಲಿ ಐದು ಮೂವತ್ತಾರು. ಚಪ್ಪಾಳೆ ನಿಲ್ಲುವ ಮೊದಲೇ ಮಾಲೀಕರು ಬಾಗಿಲಲ್ಲಿ ಬಂದು ಗಡಿಯಾರ ತೋರಿಸಿದರು. ಟೇಪ್ ನಿಲ್ಲಿಸಲು ಬಗ್ಗಿದಾಗ ದೀಪ ಉರಿಯದಿರುವುದನ್ನು ಕಂಡೆ.

ಜನ ಇಳಿದುಹೋಗುತ್ತಿದ್ದರು. ಒಬ್ಬ ಇಂಗ್ಲಿಷ್ ಮಾಸ್ತರರು ನನ್ನ ಕೈ ಕುಲುಕಿ, ನಡುವೆ ಗಿಟಾರ್ ಮಾಯವಾಗಿ ಡ್ರಮ್ ಮಾತ್ರ ಉಳಿಯಿತಲ್ಲ, ಅದು ಬಹಳ ಧೈರ್ಯದ ಯೋಚನೆ ಎಂದರು.

“ಎಂತ ಮಾರಾಯ, ಕರೆಂಟು ಹೋದದ್ದಾ?” ಎಂದು ಕಾಕ ಕೇಳಿದರು.

“ಎಲೆಕ್ಟ್ರಿಷಿಯನ್ ಇದ್ದಲ್ಲಿಯೇ ಕರೆಂಟು ಹೋಗುವುದು,” ಎಂದರು ಪೊರ್ಬು. ಬೆವರು ಸುರಿಯುತ್ತಿತ್ತು, ಬಹಳ ಖುಷಿಯಲ್ಲಿದ್ದರು. “ಆದರೂ ನಿಲ್ಲಿಸಲಿಲ್ಲ ನೋಡು ನಾವು!”

ಬಾಂಗು ಕೇಳಿತು. ಕಾಕ ನಮಾಜಿಗೆ ಹೋದರು, ಪೊರ್ಬು ಡ್ರಮ್ ಇಳಿಸಲು ಕೆಳಗೆ ಹೋದರು. ನಾನು ವಯರ್ ಸುತ್ತುತ್ತಿದ್ದೆ. ಗೆಳೆಯ ಕುರ್ಚಿಯಲ್ಲಿ ಕುಳಿತು ಬಲಗೈಯಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಡಿಸುತ್ತಿದ್ದ.

“ಟೇಪ್?” ಎಂದ.

ಹೇಳಿದೆ. ಮೊದಲರ್ಧ ಇದೆ, ಉಳಿದದ್ದು ಇಲ್ಲ. ಯಾಕೆ ಎಂಬುದನ್ನೂ ಹೇಳಿದೆ. “ನೀನು ಆಂಡ್ ಅಂದೆ.”

ಅವನು ನನ್ನನ್ನೇ ನೋಡಿದ. ಅರ್ಥವಾದದ್ದು ಅವನ ತುಟಿಯಲ್ಲಿ ನನಗೆ ಕಂಡಿತು: ಸದ್ದಿಲ್ಲದೆ ತುಟಿಯಲ್ಲೇ ಎಣಿಸಿ ನೋಡಿದ, ಮೂರು, ನಾಲ್ಕು, ಮತ್ತೊಂದು. ಆಮೇಲೆ ತಲೆ ತಗ್ಗಿಸಿದ.

“ಅಂದೆ,” ಎಂದ. “ಅಂದದ್ದು ಹೌದು.”

“ಗೋಡೆಯ ಮೇಲೆ ಬರೆದೇ ಇತ್ತು. ನಾನು ಓದಲಿಲ್ಲ ಅಣ್ಣ.”

“ಬರೆದವನು ನಾನು. ನನಗೇ ಗೊತ್ತಾಗಲಿಲ್ಲ. ಖಲಾಸ್ ಅಂತಲೇ ಇಟ್ಟುಕೊಳ್ಳಬೇಕಿತ್ತು.” ಕೆಳಗಿನಿಂದ ಯಾರೋ ಪ್ಲೇಟ್ ಎತ್ತುವವರು ಅದೇ ಶಬ್ದ ಕೂಗಿದರು. ಈ ಸಲ ಅವನು ನಗಲಿಲ್ಲ, ನಾನೂ ನಗಲಿಲ್ಲ.

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು ಎಂದು ಆಗ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ನನಗೆ ಸುಲಭವಾಗುವುದು ಆ ಹೊತ್ತಿನ ವಿಷಯವಾಗಿರಲಿಲ್ಲ.

ಮುಂದಿನ ಶುಕ್ರವಾರ ಗೋದಾಮಿನಲ್ಲಿ ಮತ್ತೆ ಪ್ರಯತ್ನಿಸಿದೆವು. ನಾನು ರಜೆ ಹಾಕಿ ಹೋದೆ. ಆಗಲೇ ಅವನು ಇನ್ನಿಬ್ಬರಿಗೂ ಕೈಯ ವಿಷಯ ಹೇಳಿದ. ಪೊರ್ಬು ಕೋಲುಗಳನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು, ಬಹಳ ಹೊತ್ತು ಒರೆಸಿದರು. ಟೇಪ್ ಇಟ್ಟೆವು. ಆರನೆಯ ನಿಮಿಷಕ್ಕೆ ಕೈ ನಿಂತಿತು. ಅದರ ಮುಂದಿನ ವಾರ ನಾಲ್ಕನೆಯ ನಿಮಿಷಕ್ಕೆ. ಅದರ ಮುಂದಿನ ವಾರ ಅವನು ಬಟ್ಟೆ ಒಗೆಯಲಿಕ್ಕಿದೆ ಎಂದು ಕೋಣೆಯಲ್ಲೇ ಉಳಿದ. ಯಾರೂ ಕರೆಯಲಿಲ್ಲ.

ಏಪ್ರಿಲಿನಲ್ಲಿ ವೀಸಾ ರದ್ದುಮಾಡಿಸಿ ಊರಿಗೆ ಹೊರಟ. ನಕ್ಷೆ ಬರೆಯುವ ಬಲಗೈಗೂ ಅಷ್ಟರಲ್ಲಿ ಶುರುವಾಗಿತ್ತು. ಗಿಟಾರನ್ನು ಕಾಕನಿಗೆ ಕೊಟ್ಟ. ಅವರು ಅದನ್ನು ಅಂಗಡಿಯ ಗೋಡೆಗೆ ತೂಗುಹಾಕಿದರು. ಬಂದ ಗಿರಾಕಿಗಳು ಕೇಳಿದರೆ, “ಅದು ಮಾರಲಿಕ್ಕಲ್ಲ,” ಎನ್ನುತ್ತಿದ್ದರು. ಯಾಕೆ ಎಂದರೆ ರೇಡಿಯೊದ ಸದ್ದು ಏರಿಸುತ್ತಿದ್ದರು. ಕ್ಯಾಸೆಟ್ಟು ಕೊಡಲು ಹೋದಾಗ ಗೆಳೆಯ, “ನಿನ್ನಲ್ಲೇ ಇರಲಿ, ಊರಿಗೆ ಬರುವಾಗ ತಾ,” ಎಂದ. ನಾನು ಎರಡು ವರ್ಷ ಊರಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದು ಪತ್ರ ಬರೆದೆ. ಒಂದು ವರ್ಷ ಸಿಗಲಿಲ್ಲ; ಇನ್ನೊಂದು ವರ್ಷ ನಾನು ಕೇಳಲಿಲ್ಲ. ನಾನು ಹೋಗುವಾಗ ಅವನು ತೀರಿಕೊಂಡು ಮೂರು ತಿಂಗಳಾಗಿತ್ತು.

ಅವನ ಹೆಂಡತಿ ಮಾತಾಡುವ ಭಾಷೆ ತುಳು ಒಂದೇ. ಜಗಲಿಯಲ್ಲಿ ಕುಳ್ಳಿರಿಸಿ ಶರಬತ್ತು ಕೊಟ್ಟರು. ಕೊನೆಯ ತಿಂಗಳುಗಳಲ್ಲಿ ಮಾತೂ ನಿಂತಿತ್ತು, ಕಣ್ಣಿನಲ್ಲೇ ಎಲ್ಲ ಎಂದರು. ಮಸ್ಕತ್ತಿನಿಂದ ಅವನೇ ತಂದ ಟೂ-ಇನ್-ಒನ್ ಮೇಜಿನ ಮೇಲೆ, ಕಸೂತಿ ಹಾಕಿದ ಬಟ್ಟೆಯ ಅಡಿಯಲ್ಲಿತ್ತು. ನಾನೇ ಕ್ಯಾಸೆಟ್ಟು ಹಾಕಿದೆ.

ಅವರು ಆ ಬಗೆಯ ಸಂಗೀತ ಕೇಳಿದವರಲ್ಲ. ಆದರೂ ಒಂಬತ್ತು ನಿಮಿಷ ಸೆರಗಿನ ತುದಿ ಹಿಡಿದು, ಒಂದೇ ಭಂಗಿಯಲ್ಲಿ ಕುಳಿತು ಕೇಳಿದರು. ಸ್ವರ ಸಣ್ಣದಾಗಿ ಇಲ್ಲವಾಯಿತು. ಉಸಿರು ಕೇಳಿತು. “ಆಂಡ್,” ಎಂದ ಅವನು. ಟಕ್ ಎಂದು ನನ್ನ ಬೆರಳಿನ ಸದ್ದು.

ಅವರು ಬೆಚ್ಚಿ ಮುಂದಕ್ಕೆ ಬಾಗಿದರು. “ಇವರ ಸ್ವರ!” ಎಂದರು. ನನಗೆ ಅದು ಹೊಳೆದಿರಲೇ ಇಲ್ಲ. ಆ ಕ್ಯಾಸೆಟ್ಟಿನಲ್ಲಿ ನಾನು ಕೇಳುತ್ತಿದ್ದದ್ದು ಏನಿಲ್ಲವೋ ಅದನ್ನು. ಅವರಿಗೆ ಕೇಳಿದ್ದು ಗಂಡನ ಗಂಟಲು.

ಇನ್ನೊಮ್ಮೆ ಹಾಕಲು ಹೇಳಿದರು. ಹಾಕಿದೆ. ಕೊನೆಯ ಅರ್ಧ ನಿಮಿಷವನ್ನು ಮೂರು ಸಲ ಕೇಳಿದರು. ಮೂರನೆಯ ಸಲ ಅವನು ಹೇಳಿದ್ದಕ್ಕೆ ಸರಿಯಾಗಿ ಅವರೂ ತುಟಿಯಲ್ಲಿ ಹೇಳಿಕೊಂಡರು.

“ಪೂರ್ತಿ ಮುಗಿಸಿದ ಮೇಲೆಯೇ ಆಂಡ್ ಅಂದದ್ದಲ್ಲವಾ?” ಎಂದು ಕೇಳಿದರು. “ಅವರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ. ಕೈ ಹಾಗಿದ್ದರೂ ಮುಗಿಸಿದ್ದಾರೆ.”

ನನ್ನ ಚೀಲದಲ್ಲಿ ಆ ಟ್ರೇಸಿಂಗ್ ಹಾಳೆ ಮಡಚಿಟ್ಟಿತ್ತು. ಅದನ್ನೂ ಕೊಡಬೇಕೆಂದೇ ತಂದಿದ್ದೆ. ಬಿಡಿಸಿ ತೋರಿಸಿದರೆ ಖಾಲಿ ಜಾಗದ ಆಚೆ ಗೆರೆಗಳು ಮತ್ತೆ ಶುರುವಾಗಿ, ಇನ್ನೂ ಅಷ್ಟೇ ದೂರ ಹೋಗುವುದು ಯಾರಿಗೂ ಕಾಣುತ್ತಿತ್ತು.

“ಹೌದು ಅಕ್ಕ,” ಎಂದೆ. “ಮುಗಿಸಿದ ಮೇಲೆಯೇ.”

ಅವರು ಕ್ಯಾಸೆಟ್ಟನ್ನು ಹೊರತೆಗೆದು, ಸೆರಗಿನಿಂದ ಒರೆಸಿ, ಡಬ್ಬಿಯೊಳಗಿಟ್ಟು ಮುಚ್ಚಿದರು. ನಾನು ಶರಬತ್ತು ಕುಡಿದು ಎದ್ದೆ. ಹಾಳೆ ನನ್ನ ಚೀಲದಲ್ಲೇ ವಾಪಸು ರೂವಿಗೆ ಬಂತು. ಅದೇ ಗೋಡೆಗೆ ಮತ್ತೆ ಅಂಟಿಸಲು ಮನಸ್ಸಾಗಲಿಲ್ಲ, ಪೆಟ್ಟಿಗೆಯ ತಳದಲ್ಲಿಟ್ಟೆ. ಅಲ್ಲಿಯೇ ಇದೆ.